ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಒಡೆಯರು

ಬ್ಯಾಸ್ಕೆಟ್‌ಬಾಲ್ ಎಂದರೆ ಈಗಲೂ ನನಗೆ ಮೊದಲು ನೆನಪಾಗುವುದು ನಾತ. ಅರವತ್ತರ ದಶಕದ ಕೊನೆಯ ಹೊತ್ತಿಗೆ ಸಾಗರದಲ್ಲಿ ನಾನು ಓದುತ್ತಿದ್ದ ಕಾಲೇಜಿನ ತಂಡಕ್ಕೆ ಇದ್ದದ್ದು ಒಂದೇ ಸೆಟ್ಟು ಬನಿಯನ್. ಆಟ ಮುಗಿದ ಕೂಡಲೇ ಅಷ್ಟನ್ನೂ ಗೋಣಿಚೀಲಕ್ಕೆ ತುರುಕಿ ಸಾಮಾನಿನ ಕೋಣೆಯ ಮೂಲೆಗೆ ಎಸೆಯುತ್ತಿದ್ದರು. ಮುಂದಿನ ಪಂದ್ಯಕ್ಕೆ ಚೀಲ ಬಿಚ್ಚಿದರೆ ಬನಿಯನ್ನಿನ ಮೇಲೆ ಹಸಿರು ಬೂಷ್ಟು. ಹೋದ ಸಲ ಯಾರ ಬೆವರು ಕುಡಿದದ್ದು ಈ ಸಲ ಯಾರ ಪಾಲಿಗೋ, ಉಸಿರು ಬಿಗಿಹಿಡಿದು ತಲೆ ತೂರಿಸಬೇಕು. ತೊಳೆಸಿ ಸಾರ್ ಅಂದರೆ ನಮ್ಮ ತರಬೇತಿಯ ಮೇಷ್ಟ್ರು, "ಆಟಗಾರನಿಗೆ ಬೆವರು ಕಂಡ್ರೆ ಹೇಸಿಗೆ ಆಗಬಾರ್ದು" ಅನ್ನುತ್ತಿದ್ದರು. ಅವರ ಮೈಮೇಲೆ ಮಾತ್ರ ದಿನವೂ ಇಸ್ತ್ರಿ ಮಾಡಿದ ಬಿಳಿ ಷರಟು.

ಕೋರ್ಟೋ, ಸಗಣಿ ಸಾರಿಸಿ ಗಟ್ಟಿ ಮಾಡಿದ ಮಣ್ಣಿನ ನೆಲ. ಅದರ ಮೇಲೆ ಸುಣ್ಣದ ಗೆರೆ. ಬೆಳಗಾಗುವುದರೊಳಗೆ ಊರ ದನಗಳು ಬಂದು ತಮ್ಮ ಪಾಲಿನ ಸಗಣಿಯನ್ನೂ ಹಾಕಿ ಹೋಗಿರುತ್ತಿದ್ದವು. ನಮ್ಮ ಕ್ಯಾಪ್ಟನ್ ಕಾಲೇಜು ಕಮಿಟಿಯ ದೊಡ್ಡ ಮನುಷ್ಯರೊಬ್ಬರ ಮಗ. ಅವನು ಕ್ಯಾಪ್ಟನ್ ಆದದ್ದಕ್ಕೆ ಬೇರೆ ಕಾರಣವೇನೂ ಇರಲಿಲ್ಲ. ಆಟದ ನಡುವೆಯೂ ಬಾಯಲ್ಲಿ ಎಲೆಅಡಿಕೆ. ಓಡುತ್ತ ಹೋಗಿ ಬುಟ್ಟಿಯ ಕಂಬದ ಬುಡಕ್ಕೆ ಪಿಚಕ್ಕನೆ ಉಗಿಯುವನು. ಚೆಂಡು ಅಲ್ಲಿಗೇ ಉರುಳಿ ಹೋಗುತ್ತಿತ್ತು, ಅದನ್ನು ಎತ್ತುವವರು ನಾವು. ಥೂ, ನೆನೆಸಿಕೊಂಡರೆ ಇಂದಿಗೂ ಅಂಗೈ ಒರೆಸಿಕೊಳ್ಳಬೇಕು ಅನ್ನಿಸುತ್ತದೆ.

ಇಂಥ ತಂಡದಲ್ಲಿ ನಿಜವಾದ ಆಟಗಾರ ಅಂತ ಇದ್ದವನು ಒಬ್ಬನೇ, ರಿಪ್ಪನ್‌ಪೇಟೆ ಕಡೆಯ ಹಳ್ಳಿಯಿಂದ ಬಂದ ಹುಡುಗ. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕು, ಅಷ್ಟು ಎತ್ತರ. ಮಾತು ಕಡಿಮೆ. ಚೆಂಡು ಅವನ ಕೈಗೆ ಸೇರಿದರೆ ಆಮೇಲೆ ಅದು ಬುಟ್ಟಿಯಲ್ಲೇ ಕಾಣಿಸುತ್ತಿತ್ತು. ಹೊಸನಗರದಲ್ಲಿ ಗೆದ್ದೆವು, ಶಿವಮೊಗ್ಗದಲ್ಲಿ ಗೆದ್ದೆವು, ಎಲ್ಲ ಅವನ ದೆಸೆಯಿಂದ. ಹಾರ ಹಾಕಿಸಿಕೊಂಡು ಹಲ್ಲು ಕಿರಿಯುತ್ತಿದ್ದವನು ಕ್ಯಾಪ್ಟನ್.

ಹಾಸ್ಟೆಲಿನಲ್ಲಿ ಆ ಎತ್ತರದ ಹುಡುಗ, ನಾನು ಇಬ್ಬರೂ ಒಂದೇ ಕೋಣೆಯವರು. ಕೊನೆಯ ಪಂದ್ಯ ತೀರ್ಥಹಳ್ಳಿಯಲ್ಲಿ ಅಂತ ಗೊತ್ತಾದ ದಿನ ಅವನು ಊಟ ಮಾಡಲಿಲ್ಲ. ಕೇಳಿದ್ದಕ್ಕೆ ಬಾಗಿಲು ಹಾಕಿ ಬಂದು ಹೇಳಿದ. ಅವನ ಮನೆಯವರು ಒಕ್ಕಲು. ಅಜ್ಜನ ಕಾಲದಿಂದ ಒಬ್ಬರೇ ಒಡೆಯರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ಒಕ್ಕಲಿನವನ ಮಗ ನಾಲ್ಕಕ್ಷರ ಕಲಿತರೆ ನಾಳೆ ಗೇಣಿ ಕಾಯಿದೆ ಮಾತಾಡುತ್ತಾನೆ ಅಂತ ಒಡೆಯರಿಗೆ ಗುಮಾನಿ. ಹಾಗೆ ಓದಿಸಿದ ಮನೆಯೊಂದನ್ನು ಆಗಲೇ ಒಕ್ಕಲೆಬ್ಬಿಸಿದ್ದರು. ಅದಕ್ಕೇ ಇವನ ಅಪ್ಪ, ಮಗ ಸಾಗರದಲ್ಲಿ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ ಅಂತ ಸುಳ್ಳು ಹೇಳಿ ಗದ್ದೆ ಉಳಿಸಿಕೊಂಡಿದ್ದ. ಈಗ ತೀರ್ಥಹಳ್ಳಿಯ ಪಂದ್ಯಕ್ಕೆ ಕಪ್ಪು ಕೊಡುವವರೂ ಮುಖ್ಯ ಅತಿಥಿಯೂ ಅದೇ ಒಡೆಯರು.

"ಕಂಡ್ರೆ ಗದ್ದೆ ಹೋಯ್ತು ಮಾರಾಯ. ನಾನು ಬರಲ್ಲ" ಅಂದ.

ಮೇಷ್ಟ್ರ ಹತ್ತಿರ ನಾನೇ ಹೋಗಿ ಅವನಿಗೆ ಜ್ವರ ಅಂದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. "ಬರ್ದಿದ್ರೆ ಅವನ ಫೀಸು ಮಾಫಿ ಮುಂದಿನ ವರ್ಷಕ್ಕಿಲ್ಲ ಅಂತ ಹೇಳು. ಜ್ವರ ತಾನೇ ಬಿಡ್ತದೆ." ಕಪ್ಪಿನ ಆಸೆಗೆ ಬಿದ್ದಿದ್ದ ಆ ಮನುಷ್ಯನ ಮುಖ ನನಗೆ ಅವತ್ತಿನಿಂದ ಕಂಡರಾಗದು.

ಹೊರಟೆವು. ರಿಪ್ಪನ್‌ಪೇಟೆಯಲ್ಲಿ ಬಸ್ಸು ನಿಂತಷ್ಟು ಹೊತ್ತೂ ಅವನು ತಲೆಗೆ ಟವೆಲ್ಲು ಮುಚ್ಚಿ ಸೀಟಿನ ಸಂದಿಯಲ್ಲಿ ಮುದುಡಿಕೊಂಡಿದ್ದ. ಮುಂದಿನ ಸೀಟಿನಲ್ಲಿ ಯಾರೋ ವಾಂತಿ ಮಾಡಿಕೊಂಡಿದ್ದರು, ಅದರ ವಾಸನೆ ಪೂರಾ ಅವನ ಮುಖಕ್ಕೆ. ಆದರೂ ತಲೆ ಎತ್ತಲಿಲ್ಲ. ನಾನು ಧೈರ್ಯ ಹೇಳಿದೆ. ಚಡ್ಡಿ ಬನಿಯನ್ನಿನಲ್ಲಿ ನಿನ್ನ ಗುರುತು ಯಾರಿಗೆ ಸಿಕ್ಕೀತು, ಕ್ರಾಪು ಬೇರೆ ತೆಗೆದಿದ್ದೀಯ, ಒಡೆಯರು ನಿನ್ನನ್ನು ನೋಡಿದ್ದು ಪಂಚೆ ಕಟ್ಟಿ ಹೊರೆ ಹೊತ್ತಾಗ ಅಂದೆ. ಅವನಿಗೂ ಅದು ಹೌದೆನ್ನಿಸಿರಬೇಕು. ತೀರ್ಥಹಳ್ಳಿಯಲ್ಲಿ ಇಳಿದಾಗ ಸ್ವಲ್ಪ ಗೆಲುವಾಗಿದ್ದ.

ಒಡೆಯರು ಹೇಳಿದ ಹೊತ್ತಿಗೆ ಬರಲಿಲ್ಲ. ದೊಡ್ಡವರೆನ್ನಿಸಿಕೊಂಡವರು ಹೇಳಿದ ಹೊತ್ತಿಗೆ ಬಂದರೆ ದೊಡ್ಡಸ್ತಿಕೆಗೆ ಕಡಿಮೆಯಲ್ಲವೇ. ಬಿಸಿಲು ಇಳಿಯುತ್ತದೆಂದು ಅವರಿಲ್ಲದೆಯೇ ಪಂದ್ಯ ಶುರು ಮಾಡಿದರು. ಅವನ ಆಟ ನೋಡಬೇಕಿತ್ತು ಅವತ್ತು. ಹೆದರಿಕೆಯೆಲ್ಲ ಕಾಲಿಗೆ ಇಳಿದಿತ್ತೋ ಏನೋ, ಎದುರಿನವರಿಗೆ ಚೆಂಡು ಮುಟ್ಟಲು ಬಿಡಲಿಲ್ಲ. ಅವರ ಊರಿನ ಜನವೇ ಇವನಿಗೆ ಚಪ್ಪಾಳೆ ಹೊಡೆಯುತ್ತಿದ್ದರು. ನಾವು ಬಹಳ ಮುಂದಿದ್ದೆವು.

ಆಗ ಬಂದರು ಒಡೆಯರು. ಅವರ ಕುರ್ಚಿ ಕೋರ್ಟಿನ ಆಚೆ ಬದಿಗಿತ್ತು. ಸುತ್ತಿಕೊಂಡು ಹೋಗಬಹುದಿತ್ತು. ಅವರು ತಮ್ಮ ಮನೆಯ ಅಂಗಳ ದಾಟುವಂತೆ ಚಪ್ಪಲಿ ಮೆಟ್ಟಿಕೊಂಡು, ಜರಿಶಾಲು ಸರಿಮಾಡಿಕೊಳ್ಳುತ್ತ, ನಡೆಯುತ್ತಿದ್ದ ಆಟದ ಮಧ್ಯಕ್ಕೇ ಇಳಿದರು. ರೆಫ್ರಿ ಸೀಟಿಯನ್ನು ಬಾಯಲ್ಲಿ ಇಟ್ಟುಕೊಂಡೇ ನಕ್ಕ, ಊದಲಿಲ್ಲ. ಚೆಂಡು ಬಡಿಯುತ್ತ ಓಡಿಬರುತ್ತಿದ್ದ ನಮ್ಮವನಿಗೆ ಅವರು ಎದುರಾದರು.

ಆ ಕಡೆಯ ಗದ್ದೆಯಂಚಿನಲ್ಲಿ ಒಡೆಯರು ಎದುರು ಬಂದರೆ ಒಕ್ಕಲಿನವರು ಕೆಸರಿಗೆ ಇಳಿದು ದಾರಿ ಬಿಡಬೇಕು. ಇವನಿಗೆ ನಡೆಯಲು ಬಂದ ಕಾಲದಲ್ಲೇ ಅಪ್ಪ ರಟ್ಟೆ ಹಿಡಿದು ಕೆಳಗಿಳಿಸಿ ಅದನ್ನು ಕಲಿಸಿದ್ದನಂತೆ. ಅದು ಯೋಚಿಸಿ ಮಾಡುವ ಕೆಲಸವಲ್ಲ, ಕಾಲು ತಾನಾಗಿ ಮಾಡುವುದು. ಅವನು ಓಟ ನಿಲ್ಲಿಸಿ, ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು, ಸುಣ್ಣದ ಗೆರೆಯಿಂದ ಆಚೆ ಇಳಿದು, ತಲೆ ಬಗ್ಗಿಸಿ ನಿಂತುಬಿಟ್ಟ. ಉಳಿದ ನಾವ್ಯಾರೂ ಕದಲಿರಲಿಲ್ಲ.

ಒಡೆಯರು ಅಷ್ಟರವರೆಗೆ ಅವನನ್ನು ನೋಡಿಯೇ ಇರಲಿಲ್ಲ. ಈಗ ನಿಂತು ನೋಡಿದರು.

"ಕೆಳಗಿನ ಗದ್ದೆಯವನ ಮಗ ಅಲ್ಲನಾ ನೀನು?"

"ಹೌದು ಒಡೇರೆ."

"ಅಂಗಡೀಲಿದೀಯ ಅಂದಿದ್ದ ನಿಮ್ಮಪ್ಪ." ಇಷ್ಟೇ ಅಂದು ಕುರ್ಚಿಗೆ ಹೋದರು.

ಆಗ ಊದಿದ ಆ ರೆಫ್ರಿ. ಚೆಂಡು ಗೆರೆ ದಾಟಿತು, ಎದುರು ಪಕ್ಷಕ್ಕೆ ಕೊಡಿ ಅಂದ. ಜನ ನಕ್ಕರು. ಆಮೇಲಿನದನ್ನು ಆಟ ಅನ್ನಬಾರದು. ಅವನ ಕೈಗೆ ಬಂದ ಚೆಂಡು ಜಾರಿತು, ಹಾರಬೇಕಾದಲ್ಲಿ ನಿಂತ, ಕಣ್ಣೆಲ್ಲ ಆ ಕುರ್ಚಿಯ ಮೇಲೆ. ಸೋತೆವು.

ಕೊನೆಗೆ ಒಡೆಯರ ಭಾಷಣ. ಗೆದ್ದವರಿಗೆ ಕಪ್ಪು ಕೊಟ್ಟಾದ ಮೇಲೆ, ಇವತ್ತು ಹಿರಿಯರಿಗೆ ಮರ್ಯಾದೆ ತೋರಿಸಿದ ಹುಡುಗನೊಬ್ಬ ಇಲ್ಲಿದ್ದಾನೆ ಅಂದರು. ಅವನನ್ನು ಕರೆದು, ತಮಗೆ ಹಾಕಿದ್ದ ಹಾರವನ್ನೇ ತೆಗೆದು ಸನ್ನಡತೆಯ ಬಹುಮಾನ ಅಂತ ಅವನ ಕೊರಳಿಗೆ ಹಾಕಿದರು. ಜನ ಎದ್ದು ನಿಂತು ಚಪ್ಪಾಳೆ. ನಮ್ಮ ಮೇಷ್ಟ್ರು ಪಕ್ಕದಲ್ಲಿ ನಿಂತು, "ಎಲ್ಲ ನಮ್ಮ ಕಾಲೇಜಿನ ಶಿಸ್ತು ಸ್ವಾಮಿ" ಅಂತ ಕೈ ಉಜ್ಜಿಕೊಳ್ಳುತ್ತಿದ್ದರು. ನನಗೆ ಬಸ್ಸಿನ ವಾಂತಿಗೆ ಆಗದ ಹೇಸಿಗೆ ಆ ಹಾರಕ್ಕೆ ಆಯಿತು. ಅವನು ಮಾತ್ರ ಹಿಂದಿರುಗುವಾಗ ಮೆಲ್ಲಗೆ ಕೇಳಿದ, "ಸಿಟ್ಟು ಬಂದಿದ್ರೆ ಹಾರ ಹಾಕ್ತಿದ್ರಾ? ಬಿಟ್ರು ಕಾಣ್ತದೆ, ಅಲ್ವನಾ?"

ಹೌದು ಅಂದೆ. ನನಗೂ ಹಾಗೇ ಅನ್ನಿಸಿತ್ತು.

ಬೇಸಿಗೆ ರಜೆಗೆ ಊರಿಗೆ ಹೋದವನು ಟ್ರಂಕು ತಗೊಂಡು ಹೋಗಲಿಕ್ಕೆಂದೇ ಹಾಸ್ಟೆಲಿಗೆ ಬಂದ. ಗದ್ದೆ ಹೋಗಿತ್ತು. ಒಡೆಯರು ತಾವಾಗಿ ಮನೆ ಬಾಗಿಲಿಗೆ ಬಂದು, ಜಗಲಿಯ ಮೇಲೆ ಕೂತು, ನೀರು ಬೆಲ್ಲ ತಗೊಂಡು ಹೇಳಿದರಂತೆ: "ನಿನ್ನ ಮಗ ಒಳ್ಳೇ ಹುಡುಗ. ಕಾಲೇಜು ಓದಿದವನಿಗೆ ಕೆಸರು ಎಂತಕ್ಕೆ? ಗದ್ದೆ ಬೇರೆಯವರಿಗೆ ಹೇಳಿದೀನಿ." ಮಳೆ ಹಿಡಿಯುವುದರೊಳಗೆ ಮನೆ ಬಿಡಬೇಕು. ಭದ್ರಾವತಿಯಲ್ಲಿ ಕೂಲಿ ಸಿಕ್ಕರೆ ನೋಡುವುದು ಅಂತ ಅಪ್ಪ ಮಗ ಹೊರಟಿದ್ದರು.

"ಅಪ್ಪ ಏನಂದ?" ಅಂದೆ.

"ಒಡೇರ ಎದುರು ಎಂತ ಅಂತಾನೆ. ಅವರು ಹೋದ್ಮೇಲೆ ನನ್ನ ಕೇಳ್ದ, ಅಷ್ಟು ಜನರ ಮಧ್ಯ ನಿನ್ನ ಗುರ್ತು ಹೆಂಗೆ ಹಿಡಿದ್ರು ಅಂತ."

"ನೀನೇನಂದೆ?"

ಅವನು ಟ್ರಂಕಿನ ಚಿಲಕ ಹಾಕುತ್ತಿದ್ದ. "ಎತ್ತರ ನೋಡಿ ಹಿಡಿದ್ರು ಅಂದೆ. ದಾರಿ ಬಿಟ್ಟೆ ಅಂತ ಅಪ್ಪನಿಗೆ ಹೆಂಗೆ ಹೇಳದು?"