ಅಣ್ಣನ ಹೆಬ್ಬೆರಳಿಗೊಂದು ನಖಿ

ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಪಾಸಾದವರಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಚಿಗಳ್ಳಿ ಕಡೆಯ ಹೊಲ ಬಿಟ್ಟು ಬಂದ ಅಣ್ಣ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ದುಡಿದು ನನ್ನನ್ನು ಧಾರವಾಡದಲ್ಲಿ ಓದಿಸಿದ. ಓದು ಮುಗಿಸಿ ಅದೇ ಮಿಲ್ಲಿನ ಲ್ಯಾಬಿಗೆ ಸೇರಿದೆ. ಬಿದಿರು ಬೇಯಿಸಿ ಮಾಡಿದ ಪಲ್ಪನ್ನು ಒದ್ದೆಯಿದ್ದಾಗ ಒಮ್ಮೆ, ಒಣಗಿಸಿ ಒಮ್ಮೆ ತೂಗಿ, ಅದರಲ್ಲಿ ನೀರೆಷ್ಟಿತ್ತು ಎಂದು ಬರೆದಿಡುವುದು ನನ್ನ ಕೆಲಸ. ಅಣ್ಣ ಅದೇ ಪಲ್ಪು ತೊಳೆಯುವ ತೊಟ್ಟಿಯ ಹತ್ತಿರ ಎಂಟು ತಾಸು ನೀರಿನಲ್ಲಿ ಕೈಯಿಟ್ಟು ಗಂಟು ಆರಿಸುತ್ತಿದ್ದ.

ಅಣ್ಣನಿಗೆ ಇದ್ದದ್ದು ಒಂದೇ ಹುಚ್ಚು, ಗಿಟಾರು. ಜೋಯಿಡಾ ಕಡೆಯ ಕೊಂಕಣಿ ಮಾತಿನ ಫಿಟ್ಟರೊಬ್ಬರು ಮಿಲ್ಲಿನವರ ವಾದ್ಯಮೇಳ ನಡೆಸುತ್ತಿದ್ದರು. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ಮೇಳಕ್ಕೆ ಇದ್ದ ಒಂದೇ ಗಿಟಾರು ಅವರದು. ರವಿವಾರಕ್ಕೊಮ್ಮೆ ಅದನ್ನು ಅಣ್ಣನ ತೊಡೆಯ ಮೇಲಿಟ್ಟು ಎರಡು ವರ್ಷ ಕಲಿಸಿದರು. ಬೆರಳು ಕೂತವು, ತಾಳ ಕೂತಿತು. ಸಪ್ಪಳ ಮಾತ್ರ ಬರಲಿಲ್ಲ. ಹೆಬ್ಬೆರಳಿನಿಂದ ಮೀಟುವ ದಪ್ಪ ತಂತಿಗಳು ಹಾರ್ಮೋನಿಯಂ, ತಬಲಾಗಳ ನಡುವೆಯೂ ಕೇಳಬೇಕು. ಅಣ್ಣನ ಹೆಬ್ಬೆರಳಿನ ತೊಗಲೂ ಉಗುರೂ ನೀರುಂಡು ಮೆತ್ತಗಾಗಿದ್ದವು. ಜೋರಾಗಿ ಮೀಟಿದರೆ ಉಕ್ಕಿನ ತಂತಿ ತೊಗಲನ್ನೇ ಸೀಳುತ್ತಿತ್ತು.

“ಕ್ಲಬ್ಬಿನ ಕಾರ್ಯಕ್ರಮದಾಗ ನಿನ್ನ ದಪ್ಪ ತಂತಿ ಹಿಂದಿನ ಸಾಲಿಗೆ ಕೇಳಬೇಕು ನೋಡು,” ಎಂದರು ಮೇಸ್ತ್ರಿ. “ಕೇಳ್ತು ಅಂದ್ರ ಮ್ಯಾಳದಾಗ ನೀನ ಕಾಯಂ. ಇಲ್ಲಾಂದ್ರ ಬಾಯ್ಲರ್ ಕಡಿಯಾಂವ ಕಾಯಾಕತ್ತಾನ. ಹೆಬ್ಬಟ್ಟಿಗೆ ಒಂದು ನಖಿ ತರಿಸ್ಕೊ.”

ಸಿತಾರದವರು ತೋರುಬೆರಳಿಗೆ ಹಾಕುವ ತಂತಿಯ ನಖಿಯಲ್ಲ ಇದು. ಹೆಬ್ಬೆರಳಿಗೆ ಉಂಗುರದ ಹಾಗೆ ಸುತ್ತಿಕೊಂಡು, ತಂತಿ ಮೀಟಲು ಒಂದು ಬದಿಗೆ ನಾಲಿಗೆ ಚಾಚಿದಂತಿರುವ ಪ್ಲಾಸ್ಟಿಕ್ಕಿನ ನಖಿ. ತರುವ ಜವಾಬ್ದಾರಿ ನಾನೇ ಮೈಮೇಲೆ ಎಳೆದುಕೊಂಡೆ. ನನ್ನನ್ನು ಓದಿಸಿದ ಕೈಗೆ ಅಷ್ಟಾದರೂ ಮಾಡಬೇಡವೇ?

ಅಣ್ಣ ಪಾಳಿ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತ ಕೂಡಲೇ ವೈನಿಯ ಹೊಲಿಗೆಯ ದಾರ ತಂದು ಅವನ ಹೆಬ್ಬೆರಳಿಗೆ ಸುತ್ತಿ ಗಂಟು ಹಾಕಿದೆ. ಸಂಶಯ ಬೇಡವೆಂದು ಎರಡು ಸಲ ಅಳೆದೆ.

“ನಮ್ಮ ಮದಿವ್ಯಾಗ ಉಂಗುರಕ್ಕೂ ಯಾರೂ ಇಷ್ಟು ಅಳದಿದ್ದಿಲ್ಲೋ ತಮ್ಮಾ,” ಎಂದು ವೈನಿ ನಕ್ಕಳು.

“ಅಂವ ಬಿಎಸ್ಸಿ ಅದಾನ. ಸುಮ್ನ ಅಳೀತಾನೇನು?” ಎಂದ ಅಣ್ಣ. ಆ ಮಾತಿಗೆ ನನ್ನ ಎದೆ ಉಬ್ಬಿತು.

ಧಾರವಾಡದ ವಾದ್ಯದ ಅಂಗಡಿಯವರು ಡಬ್ಬಿ ತುಂಬ ನಖಿಗಳನ್ನು ಸುರುವಿ, ಕೇಳಿದರು: “ಹೆಬ್ಬಟ್ಟು ಎಲ್ಲೈತ್ರಿ?”

“ದಾರ ತಂದೇನ್ರಿ.”

“ದಾರಕ್ಕ ನೋವು ಗೊತ್ತಾಗಂಗಿಲ್ರಿ. ಬಾರಿಸಾವರನ್ನ ಕರ್ಕೊಂಡು ಬರ್ರಿ.”

“ನಾ ಬಿಎಸ್ಸಿ ಮಾಡೇನ್ರಿ. ಅಳತಿ ತಪ್ಪಂಗಿಲ್ಲ.”

“ಹಂಗಾರ ನಾ ಏನ್ ಹೇಳ್ಲಿ ಬಿಡ್ರಿ,” ಎಂದು ಅವರು ಚಾ ಕುಡಿಯತೊಡಗಿದರು. ದಾರದ ಉಂಗುರಕ್ಕೆ ಸರಿಯಾಗಿ ಕೂತದ್ದನ್ನು ಆರಿಸಿ ತಂದೆ.

ರವಿವಾರ ಮೇಸ್ತ್ರಿಯ ಮನೆಯಲ್ಲಿ ಅಣ್ಣ ಅದನ್ನು ಹಾಕಿಕೊಂಡು ಎರಡು ಸಲ ಮೀಟಿದ. ನಖಿ ಬೆರಳಿನ ಸುತ್ತ ಬುಗುರಿಯ ಹಾಗೆ ತಿರುಗಿತು. ಮೂರನೆಯ ಸಲಕ್ಕೆ ಜಾರಿ ಗಿಟಾರಿನ ತೂತಿನೊಳಗೆ ಬಿತ್ತು.

“ಬಿಎಸ್ಸಿ ನಖಿ ಹೊಟ್ಯಾಗ ಹೋತಲ್ಲೋ!” ಎಂದು ಮೇಸ್ತ್ರಿ ಗಿಟಾರನ್ನು ಬೋರಲು ಹಾಕಿ ಅಲ್ಲಾಡಿಸಿದರು.

ನನಗೆ ಅವಮಾನವಾಯಿತು. ಅಳತೆ ಯಾಕೆ ತಪ್ಪಿತೆಂದು ಯೋಚಿಸುವ ಬದಲು ಕೂಡಲೇ ಸರಿಮಾಡಲು ಹೊರಟೆ. ಕುದಿಯುವ ನೀರಿನಲ್ಲಿ ನಖಿಯನ್ನದ್ದಿ, ಮೆತ್ತಗಾದಾಗ ಅಣ್ಣನ ಬೆರಳಿಗೆ ಒತ್ತಿ ಹಿಡಿದು, ತಣ್ಣೀರು ಸುರಿದೆ. ಅಂಚು ಚುಚ್ಚುವ ಕಡೆ ಕಲ್ಲಿಗೆ ಉಜ್ಜಿದೆ. ಆಮೇಲೆ ಅದು ತೊಗಲಿನ ಹಾಗೆ ಕೂತಿತು. ಅಣ್ಣ ದಪ್ಪ ತಂತಿ ಮೀಟಿದ. ಓಣಿಯ ಆ ತುದಿಯವರು ಹೊರಗೆ ಬಂದು ನೋಡಿದರು. ಅಣ್ಣನ ಮುಖ ಅಷ್ಟು ಅರಳಿದ್ದನ್ನು ನನ್ನ ರಿಸಲ್ಟಿನ ದಿನವೂ ನಾನು ಕಂಡಿರಲಿಲ್ಲ. ಮುಂದಿನ ಎರಡು ರವಿವಾರವೂ ಹಾಗೇ ನಡೆಯಿತು.

ಕಾರ್ಯಕ್ರಮ ಬಂದದ್ದು ಕೆಲಸದ ದಿನ. ಅಣ್ಣ ಪಾಳಿ ಮುಗಿಸಿ, ಒದ್ದೆ ಅಂಗಿಯಲ್ಲೇ ಓಡುತ್ತ ಬಂಗೂರನಗರದ ಮಿಲ್ಲಿನ ಕ್ಲಬ್ಬಿಗೆ ಬಂದ. ಪರದೆಯ ಹಿಂದೆ ನಾನು ನಖಿ ಹಿಡಿದು ನಿಂತಿದ್ದೆ. ಅವನು ಹೆಬ್ಬೆರಳು ತೂರಿಸಿದ. ಅದು ಗೆಣ್ಣಿನ ತನಕವೂ ಹೋಗಲಿಲ್ಲ. ತೊಗಲು ಬೆಳ್ಳಗೆ, ನೆರಿಗೆ ನೆರಿಗೆಯಾಗಿ ಉಬ್ಬಿತ್ತು. ಒತ್ತಿ ಹಾಕಿದಾಗ ಬೆರಳ ತುದಿ ನೀಲಿಯಾಯಿತು.

“ತಗಿ, ತಗಿ, ಜೀವಾ ಹೊಂಟೈತಿ,” ಎಂದ ಅಣ್ಣ.

ಆಗ ಹೊಳೆಯಿತು. ಮೊದಲು ದಾರ ಸುತ್ತಿದ್ದು ಪಾಳಿಯಿಂದ ಬಂದ ಉಬ್ಬಿದ ಬೆರಳಿಗೆ. ಬಿಸಿನೀರಲ್ಲಿ ಬಿಗಿ ಮಾಡಿದ್ದು ರಜೆಯ ದಿನ ಒಣಗಿ ಇಳಿದ ಬೆರಳಿಗೆ. ನಾನು ತಂದಾಗ ಹೇಗಿತ್ತೋ ಹಾಗೇ ಬಿಟ್ಟಿದ್ದರೆ ಅದು ಇವತ್ತು ಸರಿಯಾಗಿ ಕೂರುತ್ತಿತ್ತು.

“ಒಂದ ನಿಮಿಷ ಅಣ್ಣಾ, ಸುಡು ನೀರು ತರ್ತೇನಿ,” ಎಂದು ಎದುರಿನ ಚಾದಂಗಡಿಗೆ ಓಡಿದೆ. ಅಂಗಡಿಯವನು ಗ್ಲಾಸಿಗೆ ನೀರು ಹೊಯ್ದು ಕೊಡುವಷ್ಟರಲ್ಲಿ ಮೈಕಿನಲ್ಲಿ ಮೇಳದ ಹೆಸರು ಕೂಗಿದರು. ನಾನು ಬಂದಾಗ ಪರದೆ ಎದ್ದಿತ್ತು.

ಒಂದು ಕೈಯಲ್ಲಿ ಸುಡುವ ಗ್ಲಾಸು, ಇನ್ನೊಂದರಲ್ಲಿ ನಖಿ. ಹಿಂದಿನ ಸಾಲಿನ ಪಕ್ಕ ನಿಂತೆ. ಹಾರ್ಮೋನಿಯಂ ಕೇಳುತ್ತಿತ್ತು, ತಬಲಾ ಕೇಳುತ್ತಿತ್ತು. ಅಣ್ಣನ ಬರಿ ಹೆಬ್ಬೆರಳು ತಾಳ ತಪ್ಪದೆ ಆಡುತ್ತಿದ್ದದ್ದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಏನೂ ಬರುತ್ತಿರಲಿಲ್ಲ. ಒಂದು ಕಡೆ ಅವನು ಜೋರು ಮಾಡಿದ. ನಾಲ್ಕು ಪೆಟ್ಟು ಕೇಳಿದವು. ಆಮೇಲೆ ಅವೂ ನಿಂತವು. ಮೇಸ್ತ್ರಿ ಒಮ್ಮೆ ತಿರುಗಿ ನೋಡಿ ಮುಖ ಆಚೆ ಮಾಡಿದರು. ಗ್ಲಾಸಿನ ನೀರು ನನ್ನ ಕೈಯಲ್ಲೇ ಆರಿತು.

ಅಲ್ಲಿಂದ ಬರುವಾಗ ಅಣ್ಣ ಹೆಬ್ಬೆರಳಿಗೆ ಕರವಸ್ತ್ರ ಸುತ್ತಿಕೊಂಡಿದ್ದ. ನಾನು ಏನೋ ಹೇಳಲು ಹೋದೆ.

“ನಿನ್ನ ಅಳತಿ ಎರಡೂ ಸಲ ಖರೇನ ಇತ್ತು ಬಿಡೋ,” ಎಂದ. “ನನ್ನ ಹೆಬ್ಬಟ್ಟ ಒಂದ ನಮೂನಿ ಇರಂಗಿಲ್ಲ.”

ಮುಂದಿನ ರವಿವಾರ ಗಿಟಾರು ಬಾಯ್ಲರ್ ಕಡೆಯವನ ತೊಡೆಗೆ ಹೋಯಿತು. ಅಣ್ಣ ಹೋಗಿ ಕೂತು ಕೇಳಿ ಬಂದ. ಮರುದಿನ ಲ್ಯಾಬಿನಲ್ಲಿ ನಾನು ಎಂದಿನಂತೆ ಪಲ್ಪನ್ನು ಒದ್ದೆಯಿದ್ದಾಗ ತೂಗಿದೆ, ಒಣಗಿಸಿ ತೂಗಿದೆ, ಎರಡನ್ನೂ ಬರೆದು ಸಹಿ ಮಾಡಿದೆ.