ಎರಡು ಬೆರಳಿನಷ್ಟು ಸಡಿಲ

ನಾನು ಹುಟ್ಟಾ ಸಂಶಯದ ಮನುಷ್ಯ. ಹಾಲಿನವನು ಬಂದರೆ ಹಾಲಿಗಿಂತ ಮೊದಲು ಅವನ ಮುಖ ನೋಡುವವನು. ಈ ಗುಣಕ್ಕೆ ಹೆದರಿ ಧಾರವಾಡದ ನಮ್ಮ ಓಣಿಯಲ್ಲಿ ಯಾರೂ ನನ್ನನ್ನು ಇಸ್ಪೀಟು ಆಡಲು ಕರೆಯುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ಸೈನ್ಯ ಸೇರಿದೆನಲ್ಲ, ಅಲ್ಲಿ ಮಾತ್ರ ಅದೇ ಗುಣಕ್ಕೆ ಬೆಲೆ ಬಂತು. ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವ ಸಿಪಾಯಿಗಳ ಮೈಮೇಲೆ ಪಟ್ಟಿಗಳು ಸರಿಯಾಗಿ ಕೂತಿವೆಯೋ ಇಲ್ಲವೋ ನೋಡುವ ಹವಾಲ್ದಾರನನ್ನಾಗಿ ನನ್ನನ್ನು ಮಾಡಿದರು. ಆ ಕೆಲಸಕ್ಕೆ ಯಾರನ್ನೂ ನಂಬದವನೇ ಬೇಕು.

ಉಣಕಲ್ ಕೆರೆಯ ಆಚೆ, ಬೈರಿದೇವರಕೊಪ್ಪದ ಹೊಲಗಳ ಕಡೆ, ಕೆಲವು ತಿಂಗಳು ನಮ್ಮ ಡೇರೆಗಳಿದ್ದವು. ಪಟ್ಟಿ ಕಟ್ಟುವುದು, ಬಿಚ್ಚುವುದು, ಹುಣಸೆಮರಕ್ಕೆ ಬಿಟ್ಟ ಹಗ್ಗದಲ್ಲಿ ನೇತಾಡುವುದು, ಈ ಅಭ್ಯಾಸವೆಲ್ಲ ಇಲ್ಲಿ. ಜಿಗಿಯುವುದಕ್ಕೆ ಲಾರಿ ಹತ್ತಿ ಬೆಳಗಾವಿ ಕಡೆಯ ವಿಮಾನದ ಮೈದಾನಕ್ಕೆ ಹೋಗಬೇಕು. ಪ್ಯಾರಾಚೂಟಿಗೆ ಸಿಪಾಯಿಗಳು ಛತ್ರಿ ಅನ್ನುತ್ತಿದ್ದರು. ಛತ್ರಿ ಬೆನ್ನಿಗಿರುತ್ತದೆ. ಹೆಗಲ ಮೇಲಿಂದ ಎರಡು, ತೊಡೆಸಂದಿಯಿಂದ ಎರಡು ದಪ್ಪ ಪಟ್ಟಿಗಳು ಬಂದು ಎದೆಯ ನಡುವೆ ಒಂದು ಲೋಹದ ಡಬ್ಬಿಯಲ್ಲಿ ಕಚ್ಚಿಕೊಳ್ಳುತ್ತವೆ. ನೆಲ ಮುಟ್ಟಿದ ಮೇಲೆ ಡಬ್ಬಿಯ ಮುಖ ತಿರುಗಿಸಿ ಗುದ್ದಿದರೆ ನಾಲ್ಕೂ ಕಳಚುತ್ತವೆ. ಪಟ್ಟಿ ಎಷ್ಟು ಬಿಗಿ ಇರಬೇಕೆಂದರೆ ಕಟ್ಟಿಕೊಂಡವನಿಗೆ ನೆಟ್ಟಗೆ ನಿಲ್ಲಲು ಬರಬಾರದು. ಸಡಿಲಿದ್ದರೆ ಛತ್ರಿ ಬಿಚ್ಚುವಾಗಿನ ಎಳೆತಕ್ಕೆ ಪಟ್ಟಿ ಹೆಗಲಿನಿಂದ ಜಾರುತ್ತದೆ. ಆಮೇಲೆ ಛತ್ರಿ ಮೇಲೆಯೇ ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ.

ಆಗ ಹುಬ್ಬಳ್ಳಿಯಲ್ಲಿ ಯಾರಿಗೂ ಯಾರ ಮೇಲೂ ನಂಬಿಗೆ ಇರಲಿಲ್ಲ. ಚಲೇಜಾವ್ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಕಮರಿಪೇಟೆಯಲ್ಲಿ ಚಹಾ ಕುಡಿಯಲು ಕೂತರೆ ಖಾದಿ ತೊಟ್ಟವರು ನಮ್ಮ ಖಾಕಿ ನೋಡಿ ಎದ್ದು ಹೋಗುತ್ತಿದ್ದರು. ನಾವೂ ಏನು ಕಡಿಮೆ? ಬೇಲಿಯ ಹತ್ತಿರ ದನ ಮೇಯಿಸುವವನನ್ನೂ ತಂತಿ ಕತ್ತರಿಸಲು ಬಂದವನೆಂದೇ ನೋಡುತ್ತಿದ್ದೆವು.

ಇಂಥದ್ದರಲ್ಲಿ ನನ್ನ ತಲೆಯಲ್ಲಿ ಹುಳ ಬಿಟ್ಟವನು ಬೈರಿದೇವರಕೊಪ್ಪದವನೇ ಆದ ಒಬ್ಬ ಸಿಪಾಯಿ. ಹತ್ತಿ ಬೆಳೆಯುವ ಒಕ್ಕಲು ಮನೆತನ, ಗಟ್ಟಿ ಆಳು, ಮಾತು ಕಡಿಮೆ. ಅವನ ಮನೆಯ ಮಾಳಿಗೆ ನಮ್ಮ ಡೇರೆಯಿಂದ ಕಾಣುತ್ತಿತ್ತು. ಅವನ ಹೆಗಲ ಪಟ್ಟಿಯನ್ನು ಮೊಣಕಾಲು ಕೊಟ್ಟು ಜಗ್ಗಿ ಬಿಗಿದು ನಾನು ಮುಂದಿನವನ ಕಡೆ ಹೋಗುತ್ತಿದ್ದೆ. ತಿರುಗಿ ಬಂದು ನೋಡಿದರೆ ಎಡ ಹೆಗಲಿನ ಕೆಳಗೆ ಎರಡು ಬೆರಳು ಆರಾಮಾಗಿ ಹೋಗುವಷ್ಟು ಸಡಿಲ. ಮೊದಲು ನನ್ನ ಕೈಯೇ ಸೋತಿತು ಅಂದುಕೊಂಡೆ. ಆಮೇಲೆ ಬಕಲ್ ಸವೆದಿದೆಯೆಂದು ಬದಲಿಸಿದೆ. ಮತ್ತೂ ಅದೇ ಕಥೆ. ಆಗ ಗೊತ್ತಾಯಿತು, ಐಬು ಬಕಲಿನದ್ದಲ್ಲ, ಯಾವನೋ ಮನುಷ್ಯನದ್ದು.

ಅವನ ಪಕ್ಕದ ಹಾಸಿಗೆಯವನ ಮೇಲೆ ನನಗೆ ಗುಮಾನಿ ಬಂತು. ಇಬ್ಬರಿಗೂ ಏನೋ ಜಟಾಪಟಿ ಆಗಿತ್ತು. ಅದಕ್ಕೇ ಒಂದು ಉಪಾಯ ಮಾಡಿದೆ. ಪಟ್ಟಿ ಬಿಗಿದ ಮೇಲೆ, ಸರಿದರೆ ತಿಳಿಯಲೆಂದು ಬಕಲಿನ ಅಂಚಿಗೆ ಸರಿಯಾಗಿ ಒಂದು ಬಿಳಿ ದಾರದ ಹೊಲಿಗೆ ಹಾಕಿ, ಲಾರಿಯ ಹಿಂದೆ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಪಕ್ಕದವನು ಬೀಡಿ ಸೇದುತ್ತ ಕೂತೇ ಇದ್ದ. ಕೈ ಹಾಕಿದವನು ಆ ಬೈರಿದೇವರಕೊಪ್ಪದವನೇ. ಅತ್ತಿತ್ತ ನೋಡಿ, ಹೆಬ್ಬೆರಳಿನಿಂದ ಬಕಲ್ ಎತ್ತಿ, ತನ್ನ ಪಟ್ಟಿಯನ್ನು ತಾನೇ ಸಡಿಲ ಮಾಡಿಕೊಂಡ!

ಕೊರಳಪಟ್ಟಿ ಹಿಡಿದು ಕೇಳಿದೆ. ತಪ್ಪಾಯಿತು ಅಂದನೇ ಹೊರತು ಯಾಕೆಂದು ಬಾಯಿ ಬಿಡಲಿಲ್ಲ. ನನ್ನ ಮೈ ಉರಿಯಿತು. ಕೈಕಾಲು ಮುರಿದುಕೊಂಡು ಮನೆ ಸೇರುವ ಹುನ್ನಾರವೇ ಇದು ಅಂದುಕೊಂಡೆ. ಮನೆಯೇನು ದೂರವೇ? ಅದುವರೆಗಿನ ಜಿಗಿತಗಳಲ್ಲಿ ಅವನ ಅದೃಷ್ಟ ಚೆನ್ನಾಗಿತ್ತು, ಬದುಕಿದ್ದ. ಆದರೆ ಬರುವ ಸೋಮವಾರದ್ದು ಬೇರೆ ಜಿಗಿತ. ಮೊದಲ ಸಲ ಬಂದೂಕು, ಗುಂಡು, ಸಲಿಕೆ ಎಲ್ಲ ತುಂಬಿದ ಚೀಲವನ್ನು ಬಲಗಾಲಿಗೆ ಕಟ್ಟಿಕೊಂಡು ಜಿಗಿಯಬೇಕು. ಗಾಳಿಯಲ್ಲಿ ಪಿನ್ನು ಎಳೆದು ಆ ಚೀಲವನ್ನು ಹಗ್ಗದಲ್ಲಿ ಕೆಳಗೆ ಬಿಡಬೇಕು. ಹಗ್ಗದ ಇನ್ನೊಂದು ತುದಿ ಇರುವುದು ಮೈಮೇಲಿನ ಪಟ್ಟಿಗೇ. ಅಷ್ಟು ಭಾರ ಒಮ್ಮೆಲೇ ಜಗ್ಗಿದಾಗ ಹೆಗಲಿನಲ್ಲಿ ಎರಡು ಬೆರಳು ಸಡಿಲಿದ್ದವನು ಉಳಿಯುವುದಿಲ್ಲ. ಸಾಹೇಬನಿಗೆ ಹೇಳಿದರೆ ಹೇಡಿಯೆಂದು ಸೆರೆಮನೆಗೆ ಹಾಕುತ್ತಾರೆ, ಹೇಳದಿದ್ದರೆ ಸೋಮವಾರ ಅವನ ಹೆಣ ಹೊರಬೇಕು. ಶನಿವಾರವಿಡೀ ನನಗೆ ಊಟ ಸೇರಲಿಲ್ಲ.

ಭಾನುವಾರ ಅವನ ತಾಯಿ ಬಂದಳು. ಪ್ರತಿ ಭಾನುವಾರ ಬರುತ್ತಿದ್ದಳು, ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಚೀಟಿ ಗೀಟಿ ಇದೆಯೇನೋ ಎಂದು ನಾನು ಆ ರೊಟ್ಟಿಗಳನ್ನು ಮುರಿದು ನೋಡುತ್ತಿದ್ದೆ. ಆಕೆ ನನ್ನನ್ನು ಕಳ್ಳನನ್ನು ನೋಡಿದ ಹಾಗೆ ನೋಡುತ್ತಿದ್ದಳು. ಆ ದಿನ ಸಾಹೇಬ ಊರಲ್ಲಿರಲಿಲ್ಲ. ನಿನ್ನ ಮಗನಿಗೆ ಪಟ್ಟಿ ಸಡಿಲ ಮಾಡಿಕೋ ಎಂದು ಹೇಳಿಕೊಟ್ಟವಳು ನೀನೇ ಏನು ಎಂದು ನಾನು ನೆಟ್ಟಗೆ ಕೇಳಿಬಿಟ್ಟೆ. ಆಕೆಗೆ ನನ್ನ ಮಾತು ತಿಳಿಯಲೇ ಇಲ್ಲ. ತಿಳಿದ ಮೇಲೆ ನನ್ನ ಮೇಲೆಯೇ ತಿರುಗಿ ಬಿದ್ದಳು.

“ದನಾ ಕಟ್ಟಿದಂಗ ಕಟ್ಟಿ ಮ್ಯಾಲಿಂದ ಒಗೀತೀರಂತಲ್ಲ. ಆ ಪಟ್ಟಿ ನನಗೂ ಕಟ್ರಿ. ಏನೈತಿ ಅದರಾಗ, ನಾನೂ ನೋಡ್ತೇನಿ.”

“ಬ್ಯಾಡಬೇ ಯವ್ವ,” ಅಂದ ಮಗ. ಅವನ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿದ್ದೇ ತಡ, ಇದರಲ್ಲೇನೋ ಇದೆ ಎಂದು ನನಗೆ ಖಾತ್ರಿಯಾಯಿತು. ಕಟ್ಟಿಯೇ ಬಿಡೋಣ ಅಂದೆ.

ನನ್ನ ತಾಯಿಯ ವಯಸ್ಸಿನವಳು. ತೊಡೆಯ ಪಟ್ಟಿ ಬೇಡವೆಂದು ಬಿಟ್ಟು ಹೆಗಲಿನವನ್ನಷ್ಟೇ ತೊಡಿಸಿದೆ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಕೆ ಹುಣಸೆಮರದ ಕೆಳಗೆ ಗಟ್ಟಿಯಾಗಿ ನಿಂತಳು. ನಾನು ಹಿಂದಿನಿಂದ ಪಟ್ಟಿ ಜಗ್ಗಿದೆ. ಎದೆಯ ಡಬ್ಬಿ ಒಳಗೆ ಒತ್ತಿತು, ಟಕ್ ಎಂದು ಲೋಹಕ್ಕೆ ಲೋಹ ಬಡಿದ ಸದ್ದು. ಆಕೆ ಹಲ್ಲು ಕಚ್ಚಿದಳು. ನಾನು ಏನೆಂದು ಕೇಳುವ ಮೊದಲೇ ಬಲಗೈ ಎಡ ಹೆಗಲಿಗೆ ಹೋಯಿತು, ಹೆಬ್ಬೆರಳು ಬಕಲನ್ನು ಎತ್ತಿತು, ಪಟ್ಟಿ ಎರಡು ಬೆರಳಿನಷ್ಟು ಸಡಿಲವಾಯಿತು. ಮಗ ಮಾಡಿದ್ದನ್ನೇ, ಮಗ ಮಾಡಿದ ಹಾಗೆಯೇ.

ಸೆರಗಿನ ಒಳಗಿದ್ದದ್ದು ಬೆಳ್ಳಿಯ ಕರಡಿಗೆ. ಅದರೊಳಗೆ ಆಕೆಯ ಇಷ್ಟಲಿಂಗ. ಸಣ್ಣಂದಿನಿಂದ ಎದೆಯ ಮೇಲೆ ಕಟ್ಟಿಕೊಂಡದ್ದು, ಜೀವ ಇರುವ ತನಕ ಮೈಯಿಂದ ಅಗಲಿಸಬಾರದ್ದು. ನನ್ನ ಕಣ್ಣು ಮಗನ ಎದೆಯ ಕಡೆ ಹೋಯಿತು. ಆಕೆಯದ್ದೂ ಅಲ್ಲಿಗೇ ಹೋಗಿತ್ತು.

“ನೀನೂ ಹಿಂಗಽ ಮಾಡ್ತೀಯೇನೋ?” ಎಂದು ಕೇಳಿದಳು. ಅವನು ತಲೆ ತಗ್ಗಿಸಿದ.

ಕೊರಳಲ್ಲಿ, ಎದೆಯಲ್ಲಿ ಏನೂ ಇರಕೂಡದೆಂದು ಸಾಹೇಬನ ಹುಕುಂ. ಹಗ್ಗಕ್ಕೆ ಸಿಕ್ಕರೆ ಕುತ್ತಿಗೆ ಹೋಗುತ್ತದೆ, ಡಬ್ಬಿಯ ಕೆಳಗೆ ಸಿಕ್ಕರೆ ಎದೆಗೂಡು ಹೋಗುತ್ತದೆ. ಸರಪಳಿ, ತಾಯಿತ ಎಲ್ಲ ಒಂದು ತಗಡಿನ ಪೆಟ್ಟಿಗೆಗೆ ಬಿದ್ದಿದ್ದವು. ಇವನೂ ತನ್ನ ತಾಯಿತವನ್ನು ಅದರೊಳಗೆ ಹಾಕಿದ್ದನ್ನು ನಾನೇ ನೋಡಿದ್ದೆ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ಅವನು ಅಂಗಿಯ ಒಳಗೇ ಬಚ್ಚಿಟ್ಟುಕೊಂಡಿದ್ದ. ಬೆಳಗಿನ ಪೂಜೆಯನ್ನು ಕಂಬಳಿ ಹೊದ್ದುಕೊಂಡೇ ಮುಗಿಸುತ್ತಿದ್ದನಂತೆ. ತೆಗೆದಿಡು, ಒಂದು ದಿನದ ಮಾತು ಅಂದೆ.

“ತಗದ್ರ ನಾ ಸತ್ತಂಗರಿ,” ಅಂದ. “ಸತ್ತಾವಗ ಛತ್ರಿ ಯಾಕ ಬೇಕ್ರಿ?”

ನೀವು ನಿಮ್ಮ ಜನಿವಾರ ತೆಗೆದಿದ್ದೀರೇನು ಎಂದು ತಾಯಿ ನನ್ನನ್ನು ಕೇಳಿದಳು. ಸಾಹೇಬ ಅದಕ್ಕೂ ಕಣ್ಣು ಹಾಕಿದ್ದ, ನೂಲಷ್ಟೇ ಎಂದು ಬಿಟ್ಟಿದ್ದ. ಸಿಟ್ಟು ಬಂದದ್ದು ಖರೆ, ಆದರೆ ಯಾರ ಮೇಲೆ ಮಾಡುವುದು?

ಎಲ್ಲಿ ಕಟ್ಟಿಕೊಂಡರೂ ಹೊಕ್ಕುಳಿಗಿಂತ ಮೇಲಿದ್ದರೆ ಸಾಕು ಅಂದಳು ಆಕೆ. ತಲೆಯ ಮೇಲೆ, ಟೋಪಿಯ ಒಳಗೆ ಕಟ್ಟೋಣ ಅಂದಳು. ನಾನು ಒಪ್ಪಲಿಲ್ಲ, ನೆಲಕ್ಕೆ ಬಿದ್ದು ಉರುಳುವಾಗ ತಲೆಬುರುಡೆಗೇ ಬಡಿದೀತು. ಹಾಗಾದರೆ ರಟ್ಟೆಗೆ ಅಂದಳು. ನಾನು ಮಗನ ಎಡ ರಟ್ಟೆಯ ಒಳಮಗ್ಗುಲನ್ನು ಹಿಚುಕಿ, ಕೈ ಮೇಲೆತ್ತಿಸಿ, ಕೆಳಗಿಳಿಸಿ, ನೆಲದ ಮೇಲೆ ಉರುಳಾಡಿಸಿ ನೋಡಿದೆ. ಅಲ್ಲಿ ಯಾವ ಪಟ್ಟಿಯೂ ಹಾಯುವುದಿಲ್ಲ, ಹಗ್ಗ ಸಿಕ್ಕುವುದಿಲ್ಲ. ಸ್ಟೋರಿನಿಂದ ಅಗಲದ ಲಾಡಿ ತಂದುಕೊಟ್ಟೆ. ಎದೆಯಿಂದ ರಟ್ಟೆಗೆ ಬದಲಿಸುವಷ್ಟು ಹೊತ್ತು ಅವನು ಲಿಂಗವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದ. ಲಾಡಿಯನ್ನು ತಾಯಿಯೇ ಸುತ್ತಿದಳು, ಗಂಟು ಹಲ್ಲಿನಿಂದ ಕಚ್ಚಿ ಬಿಗಿದಳು. ಆ ಗಂಟನ್ನೂ ನಾನು ಒಮ್ಮೆ ಜಗ್ಗಿ ನೋಡಿದೆ. ಆಕೆ ನನ್ನ ಕೈಯನ್ನು ಸರಿಸಲಿಲ್ಲ.

ಸೋಮವಾರ ವಿಮಾನದಲ್ಲಿ ಎಲ್ಲರ ಪಟ್ಟಿ ನೋಡಿ, ಅವನದ್ದನ್ನು ಮತ್ತೊಮ್ಮೆ ನೋಡಿದೆ. ಬೆನ್ನು ಬಾಗಿ ಮುದುಕನ ಹಾಗೆ ನಿಂತಿದ್ದ. ಬಾಗಿಲಿನಿಂದ ಹೋದ. ನಾನು ಹೊಟ್ಟೆಯ ಮೇಲೆ ಮಲಗಿ ತಲೆ ಹೊರಹಾಕಿ ನೋಡಿದೆ. ಛತ್ರಿ ಬಿಚ್ಚಿತು, ಚೀಲ ಕೆಳಗಿಳಿದು ಹಗ್ಗ ಜಗ್ಗಿತು, ಅವನು ಒಮ್ಮೆ ಓಲಾಡಿ ಪಟ್ಟಿಯಲ್ಲೇ ಉಳಿದ. ಸಂಜೆ ಅಂಗಿ ಬಿಚ್ಚಿದಾಗ ಬಿಗಿ ಪಟ್ಟಿ ಕಚ್ಚಿ ಎರಡೂ ಹೆಗಲು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ನನಗೆ ಸಂತೋಷದಿಂದ ಅವನಿಗೆ ಎರಡು ಬಾರಿಸಬೇಕೆನಿಸಿತು.

ಮುಂದಿನ ಭಾನುವಾರ ತಾಯಿ ಎರಡು ಬುತ್ತಿ ತಂದಳು. ಒಂದು ನನಗೆ. ಹಾಳು ಅಭ್ಯಾಸ, ಅದನ್ನೂ ಬಿಚ್ಚಿ ಮೂಸಿಯೇ ತಿಂದೆ. ಆಕೆ ಮೊದಲ ಸಲ ನಕ್ಕಳು. ಅಷ್ಟರೊಳಗೆ ಹುಕುಂ ಬಂದಿತ್ತು, ಸಿಪಾಯಿಗಳೆಲ್ಲ ಬರ್ಮಾದ ಕಡೆ. ನಾನು ಮಾತ್ರ ಹೊಸಬರನ್ನು ತಯಾರು ಮಾಡಲು ಇಲ್ಲಿಯೇ ಉಳಿಯಬೇಕು. ಇದನ್ನು ಮಗ ಹೇಳಿದಾಗ ಆಕೆ ಅವನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು.

“ಅಲ್ಲೆ ಇವನ ಪಟ್ಟಿ ಯಾರ್ ಬಿಗೀತಾರ್ರಿ?”

ಒಬ್ಬರದ್ದನ್ನು ಒಬ್ಬರು ನೋಡಿಕೊಳ್ಳುತ್ತಾರೆ, ಎಲ್ಲರೂ ಕಲಿತವರೇ, ನೀವು ಕಾಳಜಿ ಮಾಡಬೇಡಿರಿ ಅಂದೆ. ಆಕೆ ನನ್ನ ಮುಖವನ್ನೇ ನೋಡುತ್ತ ನಿಂತಳು. ನಂಬಲಿಲ್ಲ. ನಾನೂ ನಂಬಿರಲಿಲ್ಲ.