ಟ್ಯೂಬಿನ ಮೇಲಿನ ಕೆಂಪು ಅಕ್ಷರ

ಕಳೆದ ವಾರ ಕಾಲುವೆಗೆ ನೀರು ಬಿಟ್ಟ ಮೇಲೆ ಸಿಂಧನೂರಿನ ನಮ್ಮ ಮನೆಯ ನಲ್ಲಿಯಲ್ಲಿ ಬಂದದ್ದು ಚಹಾದ ಬಣ್ಣದ ನೀರು. ಹೆಂಡತಿ ಅಂಗಡಿಯಿಂದ ಪಟಿಕದ ಕಲ್ಲು ತರಿಸಿ, ಡ್ರಮ್ಮಿನ ನೀರಲ್ಲಿ ನಾಲ್ಕು ಸುತ್ತು ತಿರುಗಿಸಿ, ಒದ್ದೆ ಕಲ್ಲನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅಂಗೈಯಲ್ಲಿ ತಣ್ಣಗೆ ಕೂತ ಅದನ್ನು ಯಾಕೋ ಗಲ್ಲಕ್ಕೆ ಒತ್ತಿಕೊಂಡೆ. ಬೆಳಿಗ್ಗೆ ಬ್ಲೇಡು ತಾಗಿದ್ದ ಜಾಗ ಚುರ್ ಎಂದಿತು. ಮಸ್ಕಿ ಬಸ್ ನಿಲ್ದಾಣದ ಹಿಂದಿನ ಕಟಿಂಗ್ ಅಂಗಡಿ, ಅದರ ಎರಡು ಕುರ್ಚಿ, ಕನ್ನಡಿಯಲ್ಲಿ ಕಾಣುತ್ತಿದ್ದ ಒಂದು ಮುಖ... ಎಲ್ಲ ಆ ಉರಿಯ ಹಿಂದೆಯೇ ಬಂದವು.

ಆ ಅಂಗಡಿಯವರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಆಗ ನಾನು ಮಸ್ಕಿಯಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ. ವಾರಕ್ಕೆ ಎರಡು ಸಲ ಅವರ ಕುರ್ಚಿಯಲ್ಲಿ ಕೂರುತ್ತಿದ್ದೆ. ಗಡ್ಡ ಹೆರೆದ ನಂತರ ಅವರು ಪಟಿಕದ ಕಲ್ಲನ್ನು ನೀರಲ್ಲಿ ಅದ್ದಿ, ಗದ್ದದಿಂದ ಕಿವಿಯ ಬುಡದವರೆಗೆ ಒಮ್ಮೆ, ಗಂಟಲ ಮೇಲೆ ಒಮ್ಮೆ ಎಳೆಯುತ್ತಿದ್ದರು. ಆಮೇಲೆ ತಣ್ಣೀರು, ಒಣ ವಸ್ತ್ರ. ಅವರ ಮಟ್ಟಿಗೆ ಗಂಡಸಿನ ಮುಖದ ಆರೈಕೆ ಅಲ್ಲಿಗೆ ಮುಗಿಯಿತು. ಬೇಸಿಗೆಯಲ್ಲಿ ಯಾರಾದರೂ ಒತ್ತಾಯ ಮಾಡಿದರೆ ಮುಲ್ತಾನಿ ಮಿಟ್ಟಿ ಕಲಸಿ ಬಳಿಯುತ್ತಿದ್ದರು. ಅದಕ್ಕೂ ಗೊಣಗಾಟವಿತ್ತು.

ಕತ್ತಿಯ ನೊರೆ ಒರೆಸಲು ಅವರು ಹಳೆಯ ಪತ್ರಿಕೆಯನ್ನು ಅಂಗೈ ಅಗಲಕ್ಕೆ ಹರಿದು ಇಟ್ಟುಕೊಂಡಿರುತ್ತಿದ್ದರು. ನನ್ನ ಪತ್ರಿಕೆಯೇ. ಬೆಳಿಗ್ಗೆ ಅದನ್ನು ಮೊದಲಿಂದ ಕೊನೆಯವರೆಗೆ ಓದುತ್ತಿದ್ದರು, ಮರುದಿನ ಹರಿಯುತ್ತಿದ್ದರು.

"ನಿಮ್ಮ ಪೇಪರಿನ ಹಾಳಿ ನೊರಿ ಛಲೋ ಹೀರ್ತೈತ್ರಿ. ಸುದ್ದಿ ಹೆಂಗರ ಇರ್ಲಿ" ಎಂದು ಕನ್ನಡಿಯಲ್ಲೇ ನನ್ನನ್ನು ನೋಡಿ ಹೇಳುತ್ತಿದ್ದರು. ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟದ ಬಗ್ಗೆ ನಾನು ಬರೆದ ಸರಣಿಯ ಮೇಲೆ ಯಾರದೋ ಬಿಳಿ ಗಡ್ಡ ಅಂಟಿರುವುದನ್ನು ನಾನೇ ಕಂಡಿದ್ದೇನೆ.

ಆ ವರ್ಷಗಳಲ್ಲಿ ಅವರ ಅಂಗಡಿಯ ಎದುರಿಗೆ ಗಾಜಿನ ಬಾಗಿಲಿನ ಹೊಸ ಪಾರ್ಲರ್ ಬಂತು. ಗಂಡಸರಿಗೇ ಫೇಶಿಯಲ್ ಮಾಡುವುದು, ಮುಖ ಬೆಳ್ಳಗೆ ಮಾಡಿಕೊಡುವುದು ಮಸ್ಕಿಗೆ ಆಗ ಹೊಸತು. ಹಟ್ಟಿಯ ಗಣಿಯಲ್ಲಿ ಪಾಳಿ ಮುಗಿಸಿದ ಹುಡುಗರು ವಾರದ ರಜೆಗೆ ಅಲ್ಲಿ ಸಾಲು ನಿಂತರು. ಭತ್ತದ ಗದ್ದೆಯ ಊರುಗಳಿಂದ, ಹೆಣ್ಣು ನೋಡಲು ಹೊರಟವರು ಮೋಟಾರ್ ಸೈಕಲ್ಲಿನಲ್ಲಿ ಬರತೊಡಗಿದರು. ಅಂಥವನೊಬ್ಬ, ತುರ್ವಿಹಾಳದವನು, ಅಭ್ಯಾಸಬಲದಿಂದ ಕಾಕಾನ ಕುರ್ಚಿಯಲ್ಲೇ ಕೂತ ದಿನ ನಾನು ಪಕ್ಕದ ಕುರ್ಚಿಯಲ್ಲಿದ್ದೆ.

"ಗದ್ದ್ಯಾಗ ನಿಂತು ನಿಂತು ಮಾರಿ ಸುಟ್ಟೈತಿ ಕಾಕಾ. ಅಂಗಿ ಒಳಗಿನ ಬಣ್ಣ ಮಾರಿಗಿ ತಂದ್ ಕೊಡ್ರಿ, ಸಾಕು."

"ಅಂಗಿ ಬಿಚ್ಚಿ ಹೆಣ್ಣು ನೋಡಾಕ ಹೋಗಲೇ. ಕೆಲಸ ಸಸಾರ ಆಕ್ಕೈತಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಗಡ್ಡ ಮಾಡಿಸಿಕೊಂಡು ಎದ್ದವನು ನೇರ ಎದುರಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಕಾಕಾ ವಸ್ತ್ರ ಝಾಡಿಸುತ್ತ ಅದನ್ನು ನೋಡಿದರು.

ನಮ್ಮ ಕಡೆ ಒಂದು ರೂಢಿ ಇದೆ. ಇಂಗ್ಲಿಷಿನಲ್ಲಿ ಏನೇ ಬಂದರೂ ಜನ ಅದನ್ನು ಓದಿದವರ ಹತ್ತಿರ ತರುತ್ತಾರೆ. ಬ್ಯಾಂಕಿನ ಪತ್ರ, ಕೋರ್ಟಿನ ನೋಟಿಸು, ಔಷಧದ ಡಬ್ಬಿ. ಔಷಧವಾದರೆ ಕೇಳುವುದು ಒಂದೇ ಮಾತು: ಡೇಟ್ ಐತೇನು ನೋಡ್ರಿ. ತಾರೀಖು ಮುಗಿದಿಲ್ಲ ಎಂದರೆ ಆ ಔಷಧ ಸರಿ ಎಂದೇ ಅರ್ಥ. ನಾನು ಅಂಥ ನೂರಾರು ತಾರೀಖುಗಳನ್ನು ಓದಿ ಹೇಳಿದ್ದೆ.

ಕಾಕಾ ಒಂದು ಕ್ರೀಮಿನ ಟ್ಯೂಬು ತಂದ ಮಧ್ಯಾಹ್ನ ನಾನು ಕಚೇರಿಯಲ್ಲಿ ಫೋನು ಕಿವಿಗೆ ಒತ್ತಿಕೊಂಡು ಸುದ್ದಿ ಟೈಪು ಮಾಡುತ್ತಿದ್ದೆ. ಔಷಧದಂಗಡಿಯವನೊಬ್ಬ ಕೊಟ್ಟಿದ್ದನಂತೆ, ನಾಲ್ಕು ದಿನದಲ್ಲಿ ಮುಖ ತಿಳಿಯಾಗುತ್ತದೆ ಎಂದು.

"ಪೇಪರಿನವ್ರ, ಇದರಾಗ ಏನ್ ಬರದಾರ, ಚೂರು ಓದಿ ಹೇಳ್ರಿ. ಮಂದಿ ಮಾರಿಗಿ ಹಚ್ಚೋದೈತಿ."

ನಾನು ಟ್ಯೂಬನ್ನು ತಿರುಗಿಸಿ, ತುದಿಯ ಮಡಿಕೆಯಲ್ಲಿ ಒತ್ತಿದ್ದ ಅಂಕಿ ನೋಡಿದೆ. "ಡೇಟ್ ಐತ್ರಿ ಕಾಕಾ. ಇನ್ನಾ ಭಾಳ ದಿನ ಐತಿ. ನಡಿತೈತಿ."

ಅವರು ಹೋಗಲಿಲ್ಲ. "ಇಲ್ಲಿ ಕೆಂಪಂದು ಸಣ್ಣ ಅಕ್ಷರದಾಗ ಏನೋ ಐತಲ್ರಿ?"

"ಎಲ್ಲಾದ್ರ ಮ್ಯಾಲೂ ಬರದಿರ್ತಾರ್ರಿ ಅದು" ಎಂದು ನಾನು ಫೋನಿಗೆ ಮರಳಿದೆ.

ಅವರು ಟ್ಯೂಬನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೋದರು. ಇಡೀ ಮಾತುಕತೆ ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಮುಂದಿನ ತಿಂಗಳುಗಳಲ್ಲಿ ಅವರ ಅಂಗಡಿಗೆ ಹುಡುಗರು ಮರಳಿದರು. ಗಡ್ಡದ ನಂತರ ಪಟಿಕದ ಬದಲು ಆ ಕ್ರೀಮು. ಮನೆಯಲ್ಲಿ ದಿನಾ ಹಚ್ಚಿಕೊಳ್ಳಲು ಒಂದು ಟ್ಯೂಬು ಬೇರೆ. ಮುಖಗಳು ತಿಳಿಯಾದದ್ದು ನಿಜ. ಮೊದಮೊದಲು ಅದು ಹಾಗೆಯೇ ಇರುತ್ತದೆ ಎಂದು ನನಗೆ ಲಿಂಗಸುಗೂರಿನ ಚರ್ಮದ ವೈದ್ಯರೊಬ್ಬರು ಆಮೇಲೆ ವಿವರಿಸಿದರು. ಅದು ಸ್ಟಿರಾಯ್ಡ್ ಬೆರೆಸಿದ ಔಷಧ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಸಿಲು ತಾಗಿದರೆ ಉರಿಯುತ್ತದೆ, ಬಿಟ್ಟರೆ ಇನ್ನಷ್ಟು ಕೆಂಪೇರುತ್ತದೆ. ಅಂಥ ಐದು ಮುಖಗಳು ಆ ವೈದ್ಯರ ಬಳಿ ಬಂದಿದ್ದವು. ಒಬ್ಬ ವಳಕಮದಿನ್ನಿಯ ಮದುಮಗ. ಅವನ ಕೆನ್ನೆ ನೋಡಿ ಹೆಣ್ಣಿನ ಕಡೆಯವರು ರೋಗ ಮುಚ್ಚಿಟ್ಟಿದ್ದಾರೆ ಎಂದು ಹಿಂದೆ ಸರಿದಿದ್ದರು. ಐವರೂ ಹೇಳಿದ್ದು ಒಂದೇ ಅಂಗಡಿ.

ನಾನು ವರದಿಯ ಕ್ರಮ ತಪ್ಪಲಿಲ್ಲ. ವೈದ್ಯರ ಹೇಳಿಕೆ ಪಡೆದೆ. ಇಬ್ಬರು ಹುಡುಗರನ್ನು ಭೇಟಿಯಾದೆ. ವೈದ್ಯರ ಮೇಜಿನ ಮೇಲಿದ್ದ ಟ್ಯೂಬನ್ನು ಕೈಗೆತ್ತಿಕೊಂಡು ಕೆಂಪು ಅಕ್ಷರವನ್ನು ಮೊದಲ ಸಲ ಓದಿದೆ. ಕೊನೆಗೆ ಪ್ರತಿಕ್ರಿಯೆಗೆಂದು ನೋಟ್‌ಬುಕ್ ಹಿಡಿದು ಕಾಕಾನ ಅಂಗಡಿಗೆ ಹೋದೆ.

ಅಲ್ಲಿ ಎಲ್ಲ ಮಾತೂ ಕನ್ನಡಿಯ ಮೂಲಕ ನಡೆಯುತ್ತಿತ್ತು. ಅವತ್ತು ಮಾತ್ರ ಅವರು ಕತ್ತಿ ಕೆಳಗಿಟ್ಟು ನನ್ನ ಎದುರಿಗೆ ಬಂದು ನಿಂತರು. ಬೆಂಚಿನ ಮೇಲೆ ಇಬ್ಬರು ಗಿರಾಕಿಗಳಿದ್ದರು. ಕಾಕಾ ಈಗ ಹೇಳುತ್ತಾರೆ ಎಂದು ನಾನು ಕಾದೆ. ನಿಮಗ ತೋರಿಸಿದ್ದೆನಲ್ರಿ ಎಂದು ಅಂದಿದ್ದರೆ ಅದನ್ನೂ ಬರೆದುಕೊಳ್ಳಬೇಕಿತ್ತು. ಬರೆಯುತ್ತಿದ್ದೆನೇ... ಗೊತ್ತಿಲ್ಲ.

"ಅಂಗಡಿ ನಂದು, ಕೈ ನಂದು. ಹಂಗ ಬರ್ಕೋರಿ" ಎಂದರು. ಇಷ್ಟೇ.

ಹಾಗೇ ಬರೆದೆ. ವರದಿಯಲ್ಲಿ ಅವರ ಹೆಸರಿರಲಿಲ್ಲ. 'ಬಸ್ ನಿಲ್ದಾಣದ ಹಿಂಭಾಗದ ಹಳೆಯ ಕ್ಷೌರದಂಗಡಿ' ಎಂದಿತ್ತು. ಮಸ್ಕಿಯಲ್ಲಿ ಅದು ಹೆಸರು ಬರೆದಂತೆಯೇ. ಔಷಧದಂಗಡಿಯವನು ತಾನು ಕೊಟ್ಟೇ ಇಲ್ಲ ಎಂದ. ಪುರಾವೆ ಇಲ್ಲದ್ದರಿಂದ ಅವನ ಸುದ್ದಿ ಬರಲಿಲ್ಲ. ಹೀಗೆ ಇಡೀ ಸಂಗತಿಯಲ್ಲಿ ಇಂಗ್ಲಿಷು ಬಾರದವರೊಬ್ಬರೇ ಅಚ್ಚಿನಲ್ಲಿ ಉಳಿದರು. ಪತ್ರಿಕೆಯ ಜಿಲ್ಲಾ ಕಚೇರಿಯಿಂದ ನನಗೆ ಶಹಭಾಸ್ ಬಂತು.

ವಳಕಮದಿನ್ನಿಯವರು ನಾಲ್ಕು ಜನ ಬಂದು ಅಂಗಡಿಯ ಮುಂದೆ ಕೂಗಾಡಿ ಹೋದರು. ಹುಡುಗರು ಎದುರಿನ ಪಾರ್ಲರಿಗೆ ಹೋದರು. ವಯಸ್ಸಾದವರು ಕೆಲವು ದಿನ ಬಂದರು, ಆಮೇಲೆ ಅವರ ಮಕ್ಕಳು ಬೇಡ ಎಂದರು. ಮೂವತ್ತು ವರ್ಷ ಊರಿನ ಗಂಟಲ ಮೇಲೆ ಕತ್ತಿ ಆಡಿಸಿದ ಕೈಯನ್ನು ಊರು ನಂಬದೆ ಹೋಯಿತು. ನಾನೂ ಹೋಗಲಿಲ್ಲ. ಆ ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚೆಲ್ಲಿ, ಅವರ ಕಣ್ಣನ್ನು ಕನ್ನಡಿಯಲ್ಲಿ ಎದುರಿಸುವುದು ನನ್ನಿಂದ ಆಗುತ್ತಿರಲಿಲ್ಲ. ಮನೆಯಲ್ಲೇ ಗಡ್ಡ ಹೆರೆದುಕೊಳ್ಳಲು ಕಲಿತೆ.

ಆರು ತಿಂಗಳ ಮೇಲೆ ಅಂಗಡಿ ಮುಚ್ಚಿ ಅವರು ಲಿಂಗಸುಗೂರಿನಲ್ಲಿದ್ದ ಮಗಳ ಮನೆಗೆ ಹೋದರು. ಅದಾದ ಮೇಲೆ ಒಮ್ಮೆ ಮಾತ್ರ ಸಿಕ್ಕರು, ಮಸ್ಕಿ ಬಸ್ ನಿಲ್ದಾಣದಲ್ಲಿ. ಕೈಯಲ್ಲಿ ಒಂದು ಚೀಲ. ನಾನು ಮುಖ ತಿರುಗಿಸುವ ಮೊದಲೇ ಹತ್ತಿರ ಬಂದು, ಬೆರಳ ತುದಿಯಿಂದ ನನ್ನ ಗದ್ದ ಎತ್ತಿ ಬೆಳಕಿಗೆ ಹಿಡಿದರು.

"ಬ್ಲೇಡ್ ಉಲ್ಟಾ ಎಳಿತೀರಿ ನೀವು. ಗಂಟಲ ಹೆಂಗ ಕೆಂಪ ಆಗೈತಿ ನೋಡ್ರಿ. ಕೂದಲ ಹೊಳ್ಳಿದ ಕಡಿಗೇ ಎಳೀರಿ. ಮ್ಯಾಲ ಪಟಿಕ ಹಚ್ರಿ."

"ಕಾಕಾ, ಅವತ್ತ ನಾ..." ಎಂದು ಶುರು ಮಾಡಿದೆ. ಲಿಂಗಸುಗೂರಿನ ಬಸ್ಸು ಬಂತು. "ಇರ್ಲಿ ಬಿಡ್ರಿ, ಸೀಟು ಹೊಕ್ಕೈತಿ" ಎಂದು ಅವರು ಜನರ ನಡುವೆ ಹತ್ತಿಕೊಂಡರು. ಅದೇ ಬಸ್ಸನ್ನು ನಾನೂ ಹತ್ತಬಹುದಿತ್ತು. ಲಿಂಗಸುಗೂರು ದೂರವೇನಲ್ಲ. ಹತ್ತಲಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ಹದಿನೈದು ದಿನ ತಡವಾಗಿ ಮುಟ್ಟಿತು. ಆಗ ಲಿಂಗಸುಗೂರಿಗೆ ಹೋದೆ. ಮಗಳು ಕೂರಿಸಿ ಚಹಾ ಕೊಟ್ಟಳು. ಅಪ್ಪನ ಪೆಟ್ಟಿಗೆ ತೆಗೆದು ತೋರಿಸಿದಳು: ಕತ್ತಿ, ಮಸೆಯುವ ಕಲ್ಲು, ಸವೆದು ಬೋರೆಹಣ್ಣಿನಷ್ಟಾಗಿದ್ದ ಪಟಿಕ. ಅಡಿಯಲ್ಲಿ ಮಡಿಚಿಟ್ಟ ಒಂದು ಪತ್ರಿಕೆ.

"ಇದೊಂದ ಹಾಳಿ ಹರಿಲಾರದ ಇಟ್ಟಿದ್ದ ಅಪ್ಪ" ಎಂದಳು. "ಪೇಪರಿನವ್ರು ಸುಳ್ಳೇನ್ ಬರದಿಲ್ಲವ್ವಾ ಅಂತಿದ್ದ."

ನನ್ನ ವರದಿಯನ್ನು ಅಲ್ಲೇ ಮತ್ತೊಮ್ಮೆ ಓದಿದೆ. ಸುಳ್ಳು ಇರಲಿಲ್ಲ. ಒಂದೊಂದು ಸಾಲಿಗೂ ನನ್ನ ಬಳಿ ಆಧಾರವಿತ್ತು. ಬಿಟ್ಟುಹೋದ ಸಂಗತಿಯನ್ನು ಅವಳಿಗೆ ಹೇಳಿದೆ: ಅವರು ಟ್ಯೂಬು ತಂದದ್ದು, ಕೆಂಪು ಅಕ್ಷರ ಕೇಳಿದ್ದು, ನಾನು ಅಂದದ್ದು. ಅವಳು ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಪಟಿಕವನ್ನು ಪೆಟ್ಟಿಗೆಯಲ್ಲಿ ಮತ್ತೆ ಅದರ ಜಾಗಕ್ಕೆ ಇಟ್ಟಳು.

"ಅಪ್ಪ ನಮ್ಮ ಮುಂದೂ ಹೇಳಿಲ್ರೀ ಇದು" ಎಂದಳು. "ಊರಾಗಿನ ಮಂದಿ ಮುಂದ ಹೇಳಬೇಕಿತ್ರೀ ನೀವು. ನನ್ನ ಮುಂದ ಹೇಳಿದ್ರ ಏನ್ ಬಂತು."

ಅದಾಗಿ ಕೆಲವು ವರ್ಷಗಳಾದವು. ಮಸ್ಕಿಯ ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ನಾನು ಸಿಂಧನೂರಿಗೆ ಬಂದೆ. ಹೆಸರಿನ ಅಕ್ಷರ ತಪ್ಪಿದ್ದಕ್ಕೆ, ಊರು ಅದಲುಬದಲಾದದ್ದಕ್ಕೆ, ಎಷ್ಟೋ ತಿದ್ದುಪಡಿಗಳನ್ನು ನಾನೇ ಬರೆದು ಕಳಿಸಿದ್ದೇನೆ. ಇದೊಂದನ್ನು ಕಳಿಸಲಿಲ್ಲ. ಡ್ರಮ್ಮಿನ ಕೆಸರು ಅವತ್ತು ಸಂಜೆಯ ಹೊತ್ತಿಗೆ ತಳಕ್ಕೆ ಕೂತಿತ್ತು. ಕಲ್ಲನ್ನು ಒರೆಸಿ ಕನ್ನಡಿಯ ಪಕ್ಕದ ಗೂಡಿನಲ್ಲಿಟ್ಟು, ಇದನ್ನು ಬರೆಯಲು ಕೂತೆ.

ಆ ಟ್ಯೂಬಿನ ಮೇಲೆ ಕೆಂಪು ಅಕ್ಷರದಲ್ಲಿ ಇದ್ದದ್ದು: ವೈದ್ಯರ ಚೀಟಿ ಇಲ್ಲದೆ ಮಾರಬಾರದು. ಮಸ್ಕಿಯ ಹಳೆಯ ಕ್ಷೌರದಂಗಡಿಯ ಕಾಕಾ, ಅದನ್ನು ಯಾರ ಮುಖಕ್ಕೂ ಹಚ್ಚುವ ಮೊದಲು, ಓದಿ ಹೇಳಿ ಎಂದು ನನ್ನ ಬಳಿ ತಂದಿದ್ದರು. ಎರಡು ಸಲ ಕೇಳಿದ್ದರು. ನಾನು ತಾರೀಖು ಮಾತ್ರ ಓದಿದೆ.